ಪೋರ್ಚುಗೀಸ್ ವೈನ್ ಕೊಳ್ಳುವ ಮುನ್ನ: ಬಾಟಲಿಯ ಮೇಲಿನ ಲೇಬಲ್ ಓದುವ ಬಗೆ

‘ಲಿಸ್ಬನ್‌ಗೆ ಹೋಗುತ್ತಿದ್ದೇನೆ, ಯಾವ ವೈನ್ ತರಲಿ?’ ಓದುಗರಿಂದ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವವರಿಗೆ ಬೇಕಾಗಿರುವುದು ಒಂದು ಹೆಸರು. ಅದನ್ನು ಮೊಬೈಲಿನಲ್ಲಿ ಬರೆದುಕೊಂಡು ಅಂಗಡಿಯವರಿಗೆ ತೋರಿಸಿದರೆ ಕೆಲಸ ಮುಗಿಯಬೇಕು. ಆದರೆ ನಾನು ಹೇಳಿದ ಬಾಟಲಿ ಆ ಅಂಗಡಿಯಲ್ಲಿ ಇರುವುದಿಲ್ಲ, ಕಪಾಟಿನ ತುಂಬ ಹೆಸರು ಕೇಳದ ಬೇರೆ ಬಾಟಲಿಗಳಿರುತ್ತವೆ. ಕೊನೆಗೆ ಚೆಂದದ ಚಿತ್ರವಿರುವ ಒಂದನ್ನು ಎತ್ತಿಕೊಂಡು ಬರುತ್ತಾರೆ. ಹಾಗಾಗಿ ಹೆಸರು ಹೇಳುವುದನ್ನು ಬಿಟ್ಟು, ಯಾವ ಬಾಟಲಿಯನ್ನು ಕೈಗೆತ್ತಿಕೊಂಡರೂ ಅದರ ಒಳಗೇನಿದೆ ಎಂದು ಹೊರಗಿನಿಂದಲೇ ಅಂದಾಜಿಸುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ವೈನ್ ಕುಡಿದು ಅಭ್ಯಾಸವಿರುವವರೂ ಪೋರ್ಚುಗಲ್ಲಿನಲ್ಲಿ ಎಡವುತ್ತಾರೆ. ಅವರು ಕ್ಯಾಬರ್ನೆ, ಮೆರ್ಲೋ, ಶಾರ್ಡೊನೆ ಎಂಬ ಪರಿಚಿತ ತಳಿಗಳನ್ನು ಹುಡುಕುತ್ತಾರೆ. ಈ ಪುಟ್ಟ ದೇಶಕ್ಕೆ ತನ್ನದೇ ಆದ 250ಕ್ಕೂ ಹೆಚ್ಚು ದ್ರಾಕ್ಷಿ ತಳಿಗಳಿವೆ. ಅವು ಒಂಟಿಯಾಗಿ ಬಾಟಲಿಗೆ ಇಳಿಯುವುದಕ್ಕಿಂತ ಮೂರು ನಾಲ್ಕು ಕೂಡಿ ಇಳಿಯುವುದೇ ಹೆಚ್ಚು. ಹಳೆಯ ತೋಟವಾದರೆ ಇಪ್ಪತ್ತಕ್ಕೂ ಹೆಚ್ಚು ತಳಿಗಳು ಸಾಲಿನಲ್ಲಿ ಕಲಸಿಹೋಗಿರುತ್ತವೆ. ಯಾವ ಬಳ್ಳಿ ಯಾವುದೆಂದು ತೋಟದವರಿಗೇ ಖಾತ್ರಿಯಿರುವುದಿಲ್ಲ. ಆದ್ದರಿಂದ ‘ಯಾವ ದ್ರಾಕ್ಷಿ’ ಎಂದು ಕೇಳುವ ಮೊದಲು ‘ಯಾವ ಸೀಮೆ’ ಎಂದು ಕೇಳಿ. ಸೀಮೆ ಗೊತ್ತಾದರೆ ಹುಳಿ ಎಷ್ಟು, ಒಗರು ಎಷ್ಟು, ವರ್ಷಗಟ್ಟಲೆ ಇಡಬಹುದೇ ಅಥವಾ ಬೇಗ ಮುಗಿಸಬೇಕೇ ಎಂಬುದೆಲ್ಲ ಮುಕ್ಕಾಲು ಪಾಲು ತಿಳಿದಂತೆ.

ಮೊದಲು ಇವನ್ನು ನಿರ್ಧರಿಸಿಕೊಳ್ಳಿ: ಬೇಕಾಗಿರುವುದು ಸಿಹಿಯೋ, ಸಿಹಿಯಿಲ್ಲದ್ದೋ? ಕುಡಿಯುವುದು ಈ ತಿಂಗಳೋ, ಐದು ವರ್ಷದ ನಂತರವೋ? ಊಟದ ಜೊತೆಗೋ, ಊಟ ಮುಗಿದ ಮೇಲೋ? ಇವಕ್ಕೆ ಉತ್ತರವಿಲ್ಲದೆ ಅಂಗಡಿಯೊಳಗೆ ಹೋದರೆ ಯಾರ ಸಲಹೆಯೂ ಉಪಯೋಗಕ್ಕೆ ಬಾರದು.

ಹಂತ 1: ಅಕ್ಷರ ಓದಲು ಕಲಿಯಿರಿ

ಲೇಬಲ್ ರೋಮನ್ ಲಿಪಿಯಲ್ಲಿದ್ದರೂ ಉಚ್ಚಾರ ಇಂಗ್ಲಿಷಿನದಲ್ಲ. ನಾಲ್ಕು ಸಂಗತಿ ತಿಳಿದರೆ ಸಾಕು. ಎನ್ ಮತ್ತು ಎಚ್ ಜೊತೆಯಾಗಿ ಬಂದರೆ ‘ನ್ಯ’. ಎಲ್ ಮತ್ತು ಎಚ್ ಜೊತೆಯಾದರೆ ‘ಲ್ಯ’. ಆದ್ದರಿಂದ ವೈನ್‌ಗೆ ಅವರ ಪದ ‘ವಿನ್ಯು’. ಪದದ ಕೊನೆಯ ಓ ಅಕ್ಷರ ಹೆಚ್ಚುಕಡಿಮೆ ‘ಉ’ ಆಗುತ್ತದೆ. ಎ ಅಕ್ಷರದ ತಲೆಯ ಮೇಲೆ ಅಲೆಯಂಥ ಗೆರೆಯಿದ್ದು ಮುಂದೆ ಓ ಬಂದರೆ ಅದು ಮೂಗಿನಿಂದ ಬರುವ ‘ಆಂವ್’. ಕೊಂಕಣಿ ಮನೆಮಾತಿನವರಿಗೆ ಈ ಕೊನೆಯದು ನೀರು ಕುಡಿದಷ್ಟು ಸುಲಭ. ಉಳಿದವರು ನಮ್ಮ ‘ಪಾವ್’ ಬಂದದ್ದು ರೊಟ್ಟಿ ಎಂಬರ್ಥದ ಪೋರ್ಚುಗೀಸ್ ‘ಪಾಂವ್’ ಪದದಿಂದ ಎಂದು ನೆನಪಿಟ್ಟುಕೊಂಡರೆ ಸಾಕು. ‘ಡಾಂವ್’ ಎಂಬ ವೈನ್ ಸೀಮೆಯ ಹೆಸರು ಅದಕ್ಕೇ ಪ್ರಾಸ.

ಹಂತ 2: ಬಣ್ಣ, ಸಿಹಿ ಮತ್ತು ಶೇಕಡಾವಾರು

‘ತಿಂತು’ ಎಂದರೆ ಕೆಂಪು, ‘ಬ್ರಾಂಕು’ ಎಂದರೆ ಬಿಳಿ, ‘ಎಶ್ಪುಮಾಂತ್’ ಎಂದರೆ ನೊರೆಯುಕ್ಕುವ ವೈನ್. ‘ಸೇಕು’ ಸಿಹಿಯಿಲ್ಲದ್ದು, ‘ಮೈಯು ಸೇಕು’ ತುಸು ಸಿಹಿ, ‘ದೋಸ್’ ಪೂರ್ತಿ ಸಿಹಿ (ನಮ್ಮ ದೋಸೆಗೂ ಇದಕ್ಕೂ ನಂಟಿಲ್ಲ). ನೊರೆ ವೈನ್ ಮೇಲೆ ‘ಬ್ರೂತು’ ಎಂದಿದ್ದರೆ ಅದು ಸಿಹಿಯಿಲ್ಲದ್ದು.

‘ಲಿಕೊರೋಜು’ ಎಂಬ ಪದವನ್ನು ಎಚ್ಚರದಿಂದ ಗಮನಿಸಿ. ದ್ರಾಕ್ಷಿಯಿಂದಲೇ ಭಟ್ಟಿ ಇಳಿಸಿದ ಮದ್ಯಸಾರವನ್ನು ಬೆರೆಸಿ ಗಟ್ಟಿ ಮಾಡಿದ ವೈನ್ ಇದು. ಪೋರ್ಟ್, ಮದೈರ, ಸೆತೂಬಲ್‌ನ ಮೊಸ್ಕತೆಲ್ ಎಲ್ಲವೂ ಇದೇ ವರ್ಗಕ್ಕೆ ಸೇರಿದವು. ಪದ ಕಣ್ಣಿಗೆ ಬೀಳದಿದ್ದರೆ ಮದ್ಯಾಂಶದ ಶೇಕಡಾವಾರು ನೋಡಿ. 8ರಿಂದ 11 ಇದ್ದರೆ ಹಗುರ ವೈನ್, ಬಹುಶಃ ವಿನ್ಯು ವೆರ್ದ್. 12ರಿಂದ 15 ಇದ್ದರೆ ಊಟದ ಜೊತೆಗಿನ ಮಾಮೂಲಿ ವೈನ್. 17 ದಾಟಿದ್ದರೆ ಗಟ್ಟಿ ಮಾಡಿದ್ದು. ಪೋರ್ಟ್ ಸಾಮಾನ್ಯವಾಗಿ 19ರಿಂದ 22ರವರೆಗೆ ಇರುತ್ತದೆ. ಅದನ್ನು ಊಟದ ವೈನ್‌ನಂತೆ ದೊಡ್ಡ ಲೋಟಕ್ಕೆ ಸುರಿಯುವವರನ್ನು ಕಂಡಿದ್ದೇನೆ. ಸಿಹಿ ನಾಲಿಗೆಯನ್ನು ಮರುಳು ಮಾಡುತ್ತದೆ, ತಲೆನೋವು ಬೆಳಿಗ್ಗೆ ಲೆಕ್ಕ ಹೇಳುತ್ತದೆ.

ಹಂತ 3: ಸೀಮೆಯ ಮುದ್ರೆ ಹುಡುಕಿ

ಲೇಬಲ್ಲಿನಲ್ಲಿ ಮೂರರಲ್ಲಿ ಒಂದು ಮಾತು ಇದ್ದೇ ಇರುತ್ತದೆ. ‘ಡಿ.ಓ.ಸಿ.’ ಎಂದರೆ ಗೊತ್ತುಪಡಿಸಿದ ಸೀಮೆಯೊಳಗೆ, ಗೊತ್ತುಪಡಿಸಿದ ತಳಿಗಳಿಂದ, ಆ ಸೀಮೆಯ ಕಟ್ಟಳೆಯಂತೆ ಮಾಡಿದ್ದು. ‘ವಿನ್ಯು ರೆಜಿಯೊನಾಲ್’ ಎಂದರೆ ಇನ್ನೂ ವಿಶಾಲವಾದ ಪ್ರಾಂತದ್ದು, ಕಟ್ಟಳೆ ಸಡಿಲ. ಬರೀ ‘ವಿನ್ಯು’ ಎಂದಿದ್ದರೆ ದೇಶದ ಯಾವ ಮೂಲೆಯ ದ್ರಾಕ್ಷಿಯಾದರೂ ಇರಬಹುದು. ಮೊದಲ ಎರಡಕ್ಕೆ ಆಯಾ ಸೀಮೆಯ ಮಂಡಳಿಯ ಸಂಖ್ಯೆಯುಳ್ಳ ಮುದ್ರೆ ಇರುತ್ತದೆ. ಪೋರ್ಟ್ ಬಾಟಲಿಯಲ್ಲಾದರೆ ಅದು ಕುತ್ತಿಗೆಯ ಮೇಲಿನ ಕಾಗದದ ಪಟ್ಟಿ. ಕೊಡುವುದು ದೋರು ಮತ್ತು ಪೋರ್ಟ್ ವೈನ್‌ಗಳ ಸರ್ಕಾರಿ ಸಂಸ್ಥೆ.

ಇಲ್ಲಿನ ಸಾಮಾನ್ಯ ತಪ್ಪು ಡಿ.ಓ.ಸಿ.ಯನ್ನು ಗುಣಮಟ್ಟದ ಅಂಕಪಟ್ಟಿ ಎಂದು ತಿಳಿಯುವುದು. ಅದು ಹುಟ್ಟೂರಿನ ಪ್ರಮಾಣಪತ್ರ ಮಾತ್ರ. ಕಟ್ಟಳೆಯಲ್ಲಿಲ್ಲದ ತಳಿ ಬಳಸಬೇಕೆಂದೇ ರೆಜಿಯೊನಾಲ್ ಹೆಸರಿನಲ್ಲಿ ಮಾರುವ ಉತ್ತಮ ತಯಾರಕರಿದ್ದಾರೆ. ಅಲೆಂತೇಜೊ ಪ್ರಾಂತದಲ್ಲಂತೂ ಇದು ಮಾಮೂಲು.

ಹಂತ 4: ನಕ್ಷೆಯನ್ನು ತಲೆಯಲ್ಲಿಟ್ಟುಕೊಳ್ಳಿ

ಇದೇ ಮುಖ್ಯ ಹಂತ, ನಿಧಾನವಾಗಿ ಓದಿ.

ಪೋರ್ಚುಗಲ್ ಅಟ್ಲಾಂಟಿಕ್ ಸಾಗರಕ್ಕೆ ಬೆನ್ನು ಒರಗಿಸಿ ನಿಂತ ಉದ್ದನೆಯ ಪಟ್ಟಿ. ಮಳೆ ಪಶ್ಚಿಮದಿಂದ ಬರುತ್ತದೆ. ಒಳನಾಡಿಗೂ ದಕ್ಷಿಣಕ್ಕೂ ಹೋದಂತೆ ಒಣಗುತ್ತದೆ. ಘಟ್ಟವನ್ನು ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ: ಆಗುಂಬೆಯಿಂದ ಚಿತ್ರದುರ್ಗಕ್ಕೆ ಹೋಗುವಾಗ ಏನಾಗುತ್ತದೋ ಅದೇ ಅಲ್ಲಿ ಮರಾಂವ್ ಬೆಟ್ಟಸಾಲನ್ನು ದಾಟಿದಾಗ ಆಗುತ್ತದೆ. ಬೆಟ್ಟದ ಈಚೆ ಹಸಿರು ಕಕ್ಕುವ ವಿನ್ಯು ವೆರ್ದ್ ಸೀಮೆ, ಆಚೆ ಸುಡುವ ದೋರು ಕಣಿವೆ.

ವಿನ್ಯು ವೆರ್ದ್. ವಾಯವ್ಯ ಮೂಲೆ, ಮಿನ್ಯು ಪ್ರಾಂತ, 1908ರಲ್ಲಿ ಗಡಿ ಗುರುತಿಸಿದ್ದು. ಹೆಸರಿನ ಅರ್ಥ ‘ಹಸಿರು ವೈನ್’. ಆದರೆ ವೈನ್ ಹಸಿರಲ್ಲ. ಎಳೆಯದಾಗಿಯೇ ಕುಡಿಯುವಂಥದ್ದು ಎಂಬುದಕ್ಕೋ, ಆ ನಾಡಿನ ಹಸಿರಿಗೋ ಬಂದ ಹೆಸರು. ಹೆಚ್ಚಿನವು ಬಿಳಿ, ಹುಳಿ ಮುಂದು, ಹಗುರ. ಅಗ್ಗದ ಬಾಟಲಿಗಳಲ್ಲಿ ನಾಲಿಗೆಗೆ ಚುರುಕ್ಕೆನ್ನುವ ಸಣ್ಣ ಗುಳ್ಳೆ ಇರುತ್ತದೆ. ಇದನ್ನು ಈಗ ಸಾಮಾನ್ಯವಾಗಿ ಇಂಗಾಲದ ಡೈಆಕ್ಸೈಡ್ ಸೇರಿಸಿಯೇ ತರುವುದು. ಕರಿದ ಮೀನಿನ ಜೊತೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಆದರೆ ಇದೇ ಸೀಮೆಯೊಳಗೆ ಇನ್ನೊಂದು ಲೋಕವಿದೆ. ಸ್ಪೇನ್ ಗಡಿಯ ‘ಮೊಂಸಾಂವ್ ಇ ಮೆಲ್ಗಾಸು’ ಎಂಬ ಉಪಸೀಮೆ ಅಲ್ವರಿನ್ಯು ತಳಿಯ ತವರು. ಅಲ್ಲಿನ ವೈನ್ ಮೈತುಂಬಿದ್ದು, ಮದ್ಯಾಂಶ 13 ಮುಟ್ಟುತ್ತದೆ, ಐದಾರು ವರ್ಷ ಇಟ್ಟರೂ ಕೆಡುವುದಿಲ್ಲ. ಲಿಮ ನದಿಯ ದಂಡೆಯದಾದರೆ ಲೊರೈರು ತಳಿ. ಮೂಗಿಗೆ ಹೂವಿನ ಪರಿಮಳ. ಲೇಬಲ್ಲಿನ ಮೇಲೆ ಉಪಸೀಮೆಯ ಹೆಸರು, ತಳಿಯ ಹೆಸರು ಮತ್ತು ಕೊಯ್ಲಿನ ವರ್ಷ ಮೂರೂ ಇದ್ದರೆ ತಯಾರಕರು ಮನಸ್ಸಿಟ್ಟು ಮಾಡಿರುವ ಸಾಧ್ಯತೆ ಹೆಚ್ಚು. ವರ್ಷವೇ ಇಲ್ಲದ ಅಗ್ಗದ ಬಾಟಲಿಯನ್ನು ಕೊಂಡ ಕೆಲವೇ ತಿಂಗಳಲ್ಲಿ ಕುಡಿಯಿರಿ. ಅಂಗಡಿಯಲ್ಲಿ ಧೂಳು ಹಿಡಿದಿದ್ದರೆ ಮುಟ್ಟಬೇಡಿ. ಇದೇ ಸೀಮೆಯ ಕೆಂಪು ವೈನ್ ವಿನ್ಯಾಂವ್ ತಳಿಯದ್ದು. ಶಾಯಿಯಷ್ಟು ಕಪ್ಪು, ಹುಣಸೆಯಷ್ಟು ಹುಳಿ. ಊರಿನವರು ಅದನ್ನು ಬಿಳಿ ಪಿಂಗಾಣಿ ಬಟ್ಟಲಿನಲ್ಲಿ ಕುಡಿಯುತ್ತಾರೆ. ಅಲ್ಲೇ ರುಚಿ ನೋಡಿ. ಮನೆಗೆ ಹೊತ್ತು ತರಬೇಡಿ.

ದೋರು. ಪೋರ್ಟ್ ವೈನ್ ಹುಟ್ಟಿದ್ದು ಈ ನದಿಯ ಕಣಿವೆಯಲ್ಲಿ. 1755ರ ಭೂಕಂಪದ ನಂತರ ಲಿಸ್ಬನ್ ನಗರವನ್ನು ಮತ್ತೆ ಕಟ್ಟಿಸಿದ ಮಂತ್ರಿ ಪೊಂಬಾಲ್, ಮರುವರ್ಷವೇ, ಅಂದರೆ 1756ರಲ್ಲಿ, ಈ ಕಣಿವೆಯ ಮೇಲೆ ಕಣ್ಣು ಹಾಯಿಸಿದ. ಇಂಗ್ಲೆಂಡಿಗೆ ಹೋಗುತ್ತಿದ್ದ ವೈನ್‌ಗೆ ಎಲ್ಡರ್ ಗಿಡದ ಕಪ್ಪು ಹಣ್ಣಿನ ರಸ ಬೆರೆಸಿ ಬಣ್ಣ ಏರಿಸುತ್ತಿದ್ದರು. ಅವನು ಆ ಗಿಡಗಳನ್ನೇ ಕೀಳಿಸಿದ, ತೋಟಗಳ ಎಲ್ಲೆಗೆ ಕಣಶಿಲೆಯ ಗುರುತುಗಲ್ಲು ನೆಡಿಸಿದ. ಜಗತ್ತಿನಲ್ಲಿ ಕಾಯಿದೆಯಿಂದ ಗಡಿ ಗುರುತಿಸಿದ ಮೊದಮೊದಲ ವೈನ್ ಸೀಮೆಗಳಲ್ಲಿ ಇದೂ ಒಂದು. ಕೆಲವು ಗುರುತುಗಲ್ಲುಗಳು ಇಂದಿಗೂ ನಿಂತಿವೆ. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಈ ಇಳಿಜಾರುಗಳು 2001ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು.

ಇಲ್ಲಿನ ನೆಲ ಶಿಸ್ಟ್: ಹಾಳೆ ಹಾಳೆಯಾಗಿ ಬಿಚ್ಚಿಕೊಳ್ಳುವ ಕಲ್ಲು. ಬಳ್ಳಿಯ ಬೇರು ಆ ಸಂದುಗಳಲ್ಲಿ ನುಗ್ಗಿ ಆಳದ ತೇವವನ್ನು ಹುಡುಕುತ್ತದೆ. ‘ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ’ ಎಂಬುದು ಅಲ್ಲಿನವರ ಗಾದೆ. ಚಳಿಗಾಲ ‘ಇನ್ವೆರ್ನು’, ನರಕ ‘ಇನ್ಫೆರ್ನು’ ಆಗಿರುವುದರಿಂದ ಅವರ ಬಾಯಲ್ಲಿ ಅದಕ್ಕೆ ಪ್ರಾಸವೂ ಕೂಡುತ್ತದೆ. ಕಣಿವೆಯಲ್ಲಿ ಮೂರು ಭಾಗ: ಪಶ್ಚಿಮದ ಬೈಶು ಕೋರ್ಗು ತುಸು ತಂಪು, ನಡುವಿನ ಸೀಮ ಕೋರ್ಗು ಉತ್ತಮ ಪೋರ್ಟ್‌ನ ಮನೆ, ಪೂರ್ವದ ದೋರು ಸುಪೆರಿಯೊರ್ ಬೆಂಕಿ.

‘ಡಿ.ಓ.ಸಿ. ದೋರು’ ಎಂದಿದ್ದರೆ ಅದು ಪೋರ್ಟ್ ಅಲ್ಲ, ಅದೇ ತೋಟಗಳ ಸಿಹಿಯಿಲ್ಲದ ವೈನ್. ಓದುಗರು ಪದೇ ಪದೇ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಸಿಹಿಯಿಲ್ಲದ ದೋರು ಕೆಂಪಿಗೆ ದೊಡ್ಡ ಹೆಸರು ತಂದದ್ದು 1952ರಲ್ಲಿ ಮೊದಲು ತಯಾರಾದ ‘ಬಾರ್ಕ ವೆಲ್ಯ’. ಒಪ್ಪುವಂಥ ವರ್ಷ ಬಂದರೆ ಮಾತ್ರ ಆ ಹೆಸರಿನಲ್ಲಿ ಬಾಟಲಿ ಹೊರಬರುತ್ತದೆ. ಬೆಲೆ ಕೇಳಿ ನಮಸ್ಕಾರ ಹಾಕಿ ಮುಂದೆ ಹೋಗಿ. ನಮ್ಮಂಥವರಿಗೆ ಹತ್ತು ಹದಿನೈದು ಯೂರೋಗೆ ಒಳ್ಳೆಯ ದೋರು ಕೆಂಪು ಸಿಗುತ್ತದೆ.

ಡಾಂವ್. ದೋರುವಿನ ದಕ್ಷಿಣಕ್ಕೆ, ಸುತ್ತಲೂ ಬೆಟ್ಟಗಳ ಕೋಟೆ, ನೆಲ ಕಣಶಿಲೆ. ದೋರು ಗಟ್ಟಿಯಾಗಿ ಮಾತನಾಡಿದರೆ ಇದು ಮೆಲುದನಿ. ತೊರಿಗ ನಸಿಯೊನಾಲ್ ಎಂಬ ಹೆಸರಾಂತ ಕೆಂಪು ತಳಿಯ ತವರು ಇದೇ ಎನ್ನುತ್ತಾರೆ. ಎಂಕ್ರುಜಾದು ಎಂಬ ಬಿಳಿ ತಳಿಯಂತೂ ಇಲ್ಲಿಯದೇ, ಕಂಡರೆ ಬಿಡಬೇಡಿ. 1940ರ ದಶಕದಿಂದ ಇಲ್ಲಿ ದ್ರಾಕ್ಷಿ ಕೊಳ್ಳುವ ಹಕ್ಕು ಸಹಕಾರ ಸಂಘಗಳ ಕೈಯಲ್ಲಿದ್ದು ವೈನ್ ಸಪ್ಪೆಯಾಗಿತ್ತು. 1986ರಲ್ಲಿ ದೇಶ ಯುರೋಪಿಯನ್ ಸಮುದಾಯ ಸೇರಿದ ಮೇಲೆ ಆ ಹಿಡಿತ ಕಳಚಿತು. ಹಳೆಯ ಪುಸ್ತಕಗಳಲ್ಲಿ ಡಾಂವ್ ಬಗ್ಗೆ ಕೆಟ್ಟ ಮಾತು ಓದಿದ್ದರೆ ಮರೆತುಬಿಡಿ.

ಬೈರ್ರಾದ. ಡಾಂವ್ ಮತ್ತು ಸಾಗರದ ನಡುವೆ. ಜೇಡಿಗೆ ‘ಬಾರ್ರು’ ಎನ್ನುತ್ತಾರೆ, ಸೀಮೆಯ ಹೆಸರು ಬಂದದ್ದು ಅದರಿಂದಲೇ. ಬಾಗ ಎಂಬ ಒರಟು ತಳಿ ಇಲ್ಲಿನ ರಾಜ: ಹುಳಿಯೂ ಒಗರೂ ಒಟ್ಟಿಗೆ ಬಡಿಯುತ್ತವೆ. ಎಳೆಯದನ್ನು ತೆರೆದು ‘ಅಡಿಕೆ ಅಗಿದಂತಿದೆ’ ಎಂದು ದೂರುವವರಿದ್ದಾರೆ. ಹತ್ತು ವರ್ಷ ಬಿಟ್ಟು ತೆರೆದರೆ ಅದೇ ಬಾಟಲಿ ಬೇರೆಯೇ ಆಗಿರುತ್ತದೆ. ಊರಿನವರು ಇದನ್ನು ಒಲೆಯಲ್ಲಿ ಸುಟ್ಟ ಎಳೆಹಂದಿಯ ಜೊತೆ ಕುಡಿಯುತ್ತಾರೆ. ಕೊಬ್ಬಿಗೆ ಒಗರು ಜೋಡಿ. ತಾಳ್ಮೆಯಿಲ್ಲದವರು ಇದೇ ಸೀಮೆಯ ನೊರೆ ವೈನ್ ಕೊಳ್ಳಲಿ. ಪಕ್ಷಪಾತ ಒಪ್ಪಿಕೊಳ್ಳುತ್ತೇನೆ: ನನಗೆ ಅತ್ಯಂತ ಇಷ್ಟವಾದ ಸೀಮೆ ಇದು.

ಲಿಸ್ಬನ್ ಸುತ್ತಮುತ್ತ. ‘ಲಿಸ್ಬೋವ’ ಎಂಬ ಪ್ರಾಂತದ ಹೆಚ್ಚಿನ ವೈನ್ ದಿನಬಳಕೆಯದು. ಅದರೊಳಗೆ ಎರಡು ರತ್ನಗಳಿವೆ. ಬುಸೆಲಶ್‌ನಲ್ಲಿ ಅರಿಂತು ತಳಿಯ ನಿಂಬೆಯಂಥ ಬಿಳಿ. ಸಿಂತ್ರಾ ಬಳಿಯ ಕೋಲಾರಿಶ್‌ನಲ್ಲಿ ಸಮುದ್ರದ ಮರಳಿನಲ್ಲಿ ಬೆಳೆಯುವ ರಮಿಶ್ಕು. ಹತ್ತೊಂಬತ್ತನೇ ಶತಮಾನದಲ್ಲಿ ಬೇರು ತಿನ್ನುವ ಫಿಲಾಕ್ಸೆರಾ ಎಂಬ ಹೇನು ಯುರೋಪಿನ ತೋಟಗಳನ್ನೆಲ್ಲ ನುಂಗಿದಾಗ, ಅಮೆರಿಕದ ಬೇರಿಗೆ ಕಸಿ ಕಟ್ಟಿ ಬಳ್ಳಿಗಳನ್ನು ಉಳಿಸಿಕೊಳ್ಳಬೇಕಾಯಿತು. ಕೋಲಾರಿಶ್‌ನ ಮರಳಿನಲ್ಲಿ ಆ ಹೇನು ಬದುಕಲಾರದು. ಹಾಗಾಗಿ ಅಲ್ಲಿನ ಬಳ್ಳಿಗಳು ಇಂದಿಗೂ ಸ್ವಂತ ಬೇರಿನ ಮೇಲೆ ನಿಂತಿವೆ. ಊರು ಬೆಳೆದು ತೋಟ ಕಿರಿದಾಗಿದೆ, ಬಾಟಲಿ ಸಿಗುವುದು ಕಷ್ಟ.

ಅಲೆಂತೇಜೊ. ದೇಶದ ಸುಮಾರು ಮೂರನೇ ಒಂದು ಭಾಗ: ಬಯಲು, ಬಿಸಿಲು, ಒಂಬತ್ತು ವರ್ಷಕ್ಕೊಮ್ಮೆ ತೊಗಟೆ ಸುಲಿಸಿಕೊಳ್ಳುವ ಬಿರಡೆ ಮರಗಳು. ವೈನ್ ಮಾಗಿದ ಹಣ್ಣಿನಂತೆ ಮೃದು, ಹುಳಿ ಕಡಿಮೆ. ಮೊದಲ ಸಲ ಕೆಂಪು ಕುಡಿಯುವವರಿಗೆ ಕೊಡಲು ಇದೇ ಸುರಕ್ಷಿತ. ಇಲ್ಲಿ ‘ವಿನ್ಯು ದ್ ತಾಲ್ಯ’ ಎಂದು ಬರೆದ ಬಾಟಲಿ ಕಂಡರೆ ಅದು ಆಳೆತ್ತರದ ಮಣ್ಣಿನ ಹಂಡೆಯಲ್ಲಿ ಹುದುಗಿಸಿದ್ದು. ರೋಮನ್ನರ ಕಾಲದ ಕ್ರಮ ಇದು, 2010ರಲ್ಲಿ ಅಧಿಕೃತ ಮಾನ್ಯತೆ ಪಡೆಯಿತು. ಸಿಪ್ಪೆಯ ಮೇಲೆಯೇ ಕೂರಿಸಿದ ಹಂಡೆಯನ್ನು ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬದ ಹೊತ್ತಿಗೆ ತೆರೆಯುತ್ತಾರೆ. ಆ ವಾರ ನೀವು ವಿದಿಗೈರ ಕಡೆ ಇದ್ದರೆ ಅದೃಷ್ಟ.

ಉಳಿದವು. ಸೆತೂಬಲ್‌ನ ಸಿಹಿ ಮೊಸ್ಕತೆಲ್‌ನಲ್ಲಿ ಕಿತ್ತಳೆ ಸಿಪ್ಪೆಯ ಪರಿಮಳ, ಬೆಲೆಗೆ ಮೀರಿದ ರುಚಿ. ತೇಜೊ ಪ್ರಾಂತ ಅಗ್ಗದ ಬಿಳಿಗೆ. ಅಜೋರ್ಸ್ ದ್ವೀಪಗಳ ಪೀಕುವಿನಲ್ಲಿ ಜ್ವಾಲಾಮುಖಿಯ ಕಪ್ಪುಕಲ್ಲಿನ ಗೋಡೆಗಳ ಮರೆಯಲ್ಲಿ ಬಳ್ಳಿ ಬೆಳೆಸುತ್ತಾರೆ. 2004ರಲ್ಲಿ ಅದೂ ಯುನೆಸ್ಕೋ ಪಟ್ಟಿ ಸೇರಿತು. ಅಲ್ಲಿನ ಬಿಳಿಯಲ್ಲಿ ಉಪ್ಪಿನ ಸುಳಿವು, ಬೆಲೆ ಖಾರ. ಸೈನಿಕರ ನೀರಿನ ಕುಪ್ಪಿಯಂಥ ಚಪ್ಪಟೆ ಬಾಟಲಿಯ ಗುಲಾಬಿ ವೈನ್ 1942ರಿಂದ ಜಗತ್ತೆಲ್ಲ ಸುತ್ತುತ್ತಿದೆ. ಅದನ್ನು ಪೋರ್ಚುಗಲ್‌ವರೆಗೆ ಹೋಗಿ ತರುವ ಅಗತ್ಯವಿಲ್ಲ.

ಹಂತ 5: ಪೋರ್ಟ್ ಆದರೆ ಯಾವ ಪೋರ್ಟ್?

ಗೋವಾದಲ್ಲೂ ನಮ್ಮ ಊರುಗಳಲ್ಲೂ ‘ಪೋರ್ಟ್ ವೈನ್’ ಎಂಬ ಹೆಸರಿನಲ್ಲಿ ಸಿಗುವ ಅಗ್ಗದ ಸಿಹಿ ಕೆಂಪಿಗೂ ದೋರು ಕಣಿವೆಗೂ ಸಂಬಂಧವಿಲ್ಲ. ಅದನ್ನು ಕುಡಿದು ‘ಪೋರ್ಟ್ ನನಗೆ ಆಗದು’ ಎಂದು ತೀರ್ಮಾನಿಸಿದ್ದರೆ ಮತ್ತೊಮ್ಮೆ ಪ್ರಯತ್ನಿಸಿ.

ದ್ರಾಕ್ಷಿರಸ ಹುದುಗುತ್ತಿರುವಾಗ, ಸಕ್ಕರೆ ಅರ್ಧದಷ್ಟು ಉಳಿದಿರುವಂತೆಯೇ, ಶೇ 77ರ ದ್ರಾಕ್ಷಿ ಮದ್ಯಸಾರವನ್ನು ಸುರಿದು ಹುದುಗನ್ನು ನಿಲ್ಲಿಸುತ್ತಾರೆ. ಕೊನೆಗೆ ಒಟ್ಟಿನಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಆ ಮದ್ಯಸಾರ. ಲೀಟರಿಗೆ ಹೆಚ್ಚುಕಡಿಮೆ 100 ಗ್ರಾಂ ಸಕ್ಕರೆ ಉಳಿಯುತ್ತದೆ. ಸಕ್ಕರೆ ಕಾಯಿಲೆಯವರು ಈ ಸಂಖ್ಯೆಯನ್ನು ಗಮನಿಸಿ. ಅಲ್ಲಿನ ಲೆಕ್ಕ ನಡೆಯುವುದು 550 ಲೀಟರಿನ ‘ಪೀಪ’ದಲ್ಲಿ. ನಮ್ಮ ‘ಪೀಪಾಯಿ’ ಹಡಗಿನಿಂದ ಇಳಿದದ್ದು ಆ ಪದದಿಂದಲೇ.

ಮುಂದೆ ಎರಡು ಕವಲು. ಗಾಳಿ ತಾಗದಂತೆ ಇಟ್ಟದ್ದು ಕೆಂಪಾಗಿ ಹಣ್ಣಿನ ರುಚಿ ಉಳಿಸಿಕೊಳ್ಳುತ್ತದೆ: ಇದು ರೂಬಿ ಕುಟುಂಬ. ಸಣ್ಣ ಪೀಪಾಯಿಯಲ್ಲಿ ವರ್ಷಗಟ್ಟಲೆ ಗಾಳಿಯಾಡಿದ್ದು ಕಂದುಬಣ್ಣಕ್ಕೆ ತಿರುಗಿ ಗೋಡಂಬಿ, ಬೆಲ್ಲದ ಪಾಕ, ಒಣಅಂಜೂರ ನೆನಪಿಸುತ್ತದೆ: ಇದು ಟಾನಿ ಕುಟುಂಬ.

ರೂಬಿ ಕುಟುಂಬದಲ್ಲಿ ಮೇಲಿನದು ‘ವಿಂಟೇಜ್’. ಒಂದೇ ವರ್ಷದ ಉತ್ತಮ ದ್ರಾಕ್ಷಿಯಿಂದ ಮಾಡಿ, ಎರಡು ಮೂರು ವರ್ಷದಲ್ಲೇ ಬಾಟಲಿಗೆ ತುಂಬಿ, ಬಾಟಲಿಯೊಳಗೆ ದಶಕಗಟ್ಟಲೆ ಬಲಿಯಲು ಬಿಡುವುದು. 1963, 1994, 2011 ಹೆಸರಾದ ವರ್ಷಗಳು. ಅಷ್ಟು ಕಾಯಲಾರದವರಿಗೆ ‘ಎಲ್.ಬಿ.ವಿ.’ (ಲೇಟ್ ಬಾಟಲ್ಡ್ ವಿಂಟೇಜ್, ತಡವಾಗಿ ಬಾಟಲಿಗೆ ತುಂಬಿದ್ದು) ಇದೆ. ಅದೂ ಒಂದೇ ವರ್ಷದ್ದು, ಆದರೆ ನಾಲ್ಕರಿಂದ ಆರು ವರ್ಷ ಮರದಲ್ಲಿಟ್ಟು ಬಾಟಲಿಗೆ ಹಾಕಿದ್ದರಿಂದ ತಂದ ದಿನವೇ ತೆರೆಯಬಹುದು. ಹಣಕ್ಕೆ ಸರಿಯಾದ ಬೆಲೆ ಬೇಕೆಂದರೆ ಇದನ್ನೇ ಕೊಳ್ಳಿ.

ಟಾನಿಯಲ್ಲಿ 10, 20, 30, 40 ಎಂಬ ಅಂಕೆಗಳು ಪೀಪಾಯಿಯಲ್ಲಿದ್ದ ವರ್ಷಗಳ ಅಂದಾಜು. ಬೇರೆ ಬೇರೆ ವಯಸ್ಸಿನವನ್ನು ಬೆರೆಸಿ ಆ ರುಚಿಗೆ ತಂದಿರುತ್ತಾರೆ. ‘ಕೊಲ್ಯೈತ’ ಎಂದರೆ ಒಂದೇ ವರ್ಷದ ಟಾನಿ, ಮರದಲ್ಲಿ ಕನಿಷ್ಠ ಏಳು ವರ್ಷ. ಎಚ್ಚರ: ಇದೇ ಪದ ಊಟದ ವೈನ್ ಮೇಲಿದ್ದರೆ ಬರೀ ‘ಕೊಯ್ಲಿನ ವರ್ಷ’ ಎಂದಷ್ಟೇ ಅರ್ಥ.

ನಾನೇ ಮಾಡಿದ ತಪ್ಪು ಒಂದಿದೆ. ಹತ್ತು ವರ್ಷದ ಟಾನಿಯನ್ನು ‘ಇನ್ನಷ್ಟು ಬಲಿಯಲಿ’ ಎಂದು ಎಂಟು ವರ್ಷ ಕಪಾಟಿನಲ್ಲಿಟ್ಟೆ. ಟಾನಿ ಬಾಟಲಿಯಲ್ಲಿ ಬಲಿಯುವುದಿಲ್ಲ, ಮಂಕಾಗುತ್ತದೆ. ಅದರ ಹಿಂಬದಿಯಲ್ಲಿ ಬಾಟಲಿಗೆ ತುಂಬಿದ ವರ್ಷ ಇರುತ್ತದೆ. ಅದು ಹತ್ತಿರದ್ದಿದ್ದಷ್ಟೂ ಒಳ್ಳೆಯದು.

ಬಿಳಿ ಪೋರ್ಟ್ ಕೂಡ ಉಂಟು. ಐಸ್, ಟಾನಿಕ್ ನೀರು, ಒಂದು ಹೋಳು ನಿಂಬೆ ಸೇರಿಸಿ ಪೋರ್ಟೊ ನಗರದವರು ಸಂಜೆ ಕುಡಿಯುತ್ತಾರೆ. ನಮ್ಮ ಏಪ್ರಿಲ್ ಸಂಜೆಗೂ ಒಗ್ಗುತ್ತದೆ.

ಹಂತ 6: ಮದೈರ

ಆಫ್ರಿಕದ ಎದುರಿನ ದ್ವೀಪದ್ದು. ಬೇರೆಲ್ಲ ವೈನ್‌ಗೂ ಶತ್ರುಗಳಾದ ಬಿಸಿ ಮತ್ತು ಗಾಳಿ ಇದಕ್ಕೆ ಗುರುಗಳು. ಇಂಡಿಯಾ ಕಡೆಗೆ ಹೋಗುವ ಹಡಗುಗಳಲ್ಲಿ ಪೀಪಾಯಿಗಳು ಭೂಮಧ್ಯರೇಖೆ ದಾಟಿ, ಮಾರಾಟವಾಗದೆ ಮರಳಿದಾಗ ವೈನ್ ಹೆಚ್ಚು ರುಚಿಯಾಗಿತ್ತು. ಹೀಗೆ ಸುತ್ತಿ ಬಂದದ್ದಕ್ಕೆ ‘ವಿನ್ಯು ದ ರೋದ’ ಎಂದು ಹೆಸರಾಯಿತು. ಈಗ ಅಗ್ಗದ್ದನ್ನು ತೊಟ್ಟಿಗಳಲ್ಲಿ ಕನಿಷ್ಠ ಮೂರು ತಿಂಗಳು 45–50 ಡಿಗ್ರಿಯಲ್ಲಿ ಕಾಯಿಸುತ್ತಾರೆ. ಉತ್ತಮವಾದದ್ದನ್ನು ಅಟ್ಟದ ಮೇಲಿನ ಪೀಪಾಯಿಗಳಲ್ಲಿ ಬಿಸಿಲ ಕಾವಿಗೆ ವರ್ಷಗಟ್ಟಲೆ ಬಿಡುತ್ತಾರೆ. ಈ ಕ್ರಮಕ್ಕೆ ‘ಕಾಂತೈರು’ ಎಂದು ಹೆಸರು.

ತಳಿಯ ಹೆಸರೇ ಸಿಹಿಯ ಮಟ್ಟ: ಸೆರ್ಸಿಯಾಲ್ ಸಿಹಿಯಿಲ್ಲದ್ದು, ವೆರ್ದೆಲ್ಯು ತುಸು ಸಿಹಿ, ಬುಆಲ್ ಸಿಹಿ, ಮಾಲ್ವಜಿಯ ಅತಿ ಸಿಹಿ. ತಳಿಯ ಹೆಸರಿಲ್ಲದಿದ್ದರೆ ಬಹುಮಟ್ಟಿಗೆ ತಿಂತ ನೇಗ್ರ. ‘ಫ್ರಶ್ಕೈರ’ ಎಂದಿದ್ದರೆ ಒಂದೇ ವರ್ಷದ್ದು, ಮರದಲ್ಲಿ 20 ವರ್ಷಕ್ಕೆ ಕಡಿಮೆಯಿಲ್ಲ.

ಹಂತ 7: ಒಂದೇ ದ್ರಾಕ್ಷಿ, ಊರೂರಿಗೆ ಹೆಸರು

ಒಂದೇ ಸೊಪ್ಪಿಗೆ ಜಿಲ್ಲೆಗೊಂದು ಹೆಸರಿಟ್ಟವರಿಗೆ ಇದು ಅಚ್ಚರಿಯಲ್ಲ. ದೋರುವಿನ ತಿಂತ ರೊರಿಶ್, ಅಲೆಂತೇಜೊದ ಅರಗೊನೇಶ್, ಸ್ಪೇನಿನ ಟೆಂಪ್ರನಿಯೊ ಮೂರೂ ಒಂದೇ. ಬೈರ್ರಾದದ ಮರಿಯ ಗೋಮಿಶ್ ಬೇರೆಡೆ ಫೆರ್ನಾಂವ್ ಪಿರಿಶ್. ಅಲೆಂತೇಜೊದ ತ್ರಿಂಕದೈರ ದೋರುವಿನಲ್ಲಿ ತಿಂತ ಅಮರೆಲ. ಎರಡು ಬೇರೆ ತಳಿ ಎಂದುಕೊಂಡು ಒಂದನ್ನೇ ಎರಡು ಬಾಟಲಿ ತರಬೇಡಿ.

ಹಂತ 8: ದೊಡ್ಡ ಮಾತುಗಳನ್ನು ತೂಗಿ ನೋಡಿ

‘ರೆಜೆರ್ವ’ ಎಂಬ ಪದಕ್ಕೆ ಮರುಳಾಗಬೇಡಿ. ಸೀಮೆಯ ಕನಿಷ್ಠ ಮಟ್ಟಕ್ಕಿಂತ ಮದ್ಯಾಂಶ ಅರ್ಧ ಶೇಕಡಾ ಹೆಚ್ಚಿದ್ದು, ರುಚಿ ಪರೀಕ್ಷೆಯಲ್ಲಿ ಪಾಸಾದರೆ ಆ ಪದ ಹಾಕಿಕೊಳ್ಳಬಹುದು. ಇಂದು ಅದಿಲ್ಲದ ಕೆಂಪು ಬಾಟಲಿ ಹುಡುಕುವುದೇ ಕಷ್ಟ. ‘ಗರ್ರಫೈರ’ ಎಂಬುದಕ್ಕೆ ತೂಕವಿದೆ: ಕೆಂಪಾದರೆ ಕನಿಷ್ಠ 30 ತಿಂಗಳು ಬಲಿತಿರಬೇಕು, ಅದರಲ್ಲಿ 12 ತಿಂಗಳು ಬಾಟಲಿಯಲ್ಲಿ. ‘ವಿನ್ಯಶ್ ವೆಲ್ಯಶ್’ ಎಂದರೆ ಹಳೆಯ ಬಳ್ಳಿಗಳದು. ತಯಾರಕರ ಮೇಲೆ ನಂಬಿಕೆಯಿದ್ದರೆ ಮಾತ್ರ ಅದಕ್ಕೆ ಹೆಚ್ಚು ಹಣ ಕೊಡಿ. ‘ಕಿಂತ’, ‘ಎರ್ದಾದ್’ ಎಂದರೆ ಎಸ್ಟೇಟು. ‘ಅದೇಗ ಕೊಓಪೆರತೀವ’ ಸಹಕಾರಿ ವೈನ್ ಮನೆ. ಕೀಳೆಂದು ಬಿಡಬೇಡಿ, ಮೊಂಸಾಂವ್‌ನ ಒಳ್ಳೆಯ ಅಲ್ವರಿನ್ಯು ಅಂಥದ್ದರಿಂದಲೇ ಬರುತ್ತದೆ.

ಹಂತ 9: ಕೊಳ್ಳುವುದು, ತರುವುದು, ಇಡುವುದು

ದಿನಬಳಕೆಯ ವೈನ್‌ಗೆ ಅಲ್ಲಿನ ಸೂಪರ್‌ಮಾರ್ಕೆಟ್ ಸಾಕು. 5ರಿಂದ 10 ಯೂರೋ ನಡುವೆ ನಿರಾಶೆಯಾಗುವುದು ಅಪರೂಪ. ವಿಮಾನ ನಿಲ್ದಾಣದ ಅಂಗಡಿಯಲ್ಲಿ ಆಯ್ಕೆ ಕಡಿಮೆ, ಮರದ ಡಬ್ಬಿಯ ಆಡಂಬರ ಹೆಚ್ಚು.

ಭಾರತಕ್ಕೆ ಬರುವ ವಯಸ್ಕ ಪ್ರಯಾಣಿಕರು ಸುಂಕವಿಲ್ಲದೆ ಎರಡು ಲೀಟರ್‌ವರೆಗೆ ತರಬಹುದು. 750 ಮಿಲಿಯ ಎರಡು ಬಾಟಲಿಗೆ ಒಂದೂವರೆ ಲೀಟರ್ ಆಯಿತು. ಮೂರನೆಯದನ್ನು ತುರುಕಿ ಸಿಕ್ಕಿಬೀಳುವ ಬದಲು ಉಳಿದ ಅರ್ಧ ಲೀಟರಿಗೆ 500 ಅಥವಾ 375 ಮಿಲಿಯ ಪೋರ್ಟ್, ಮದೈರ ಹುಡುಕಿ. ಹೊರಡುವ ಮುನ್ನ ಕಸ್ಟಮ್ಸ್ ಜಾಲತಾಣದಲ್ಲಿ ಮಿತಿಯನ್ನು ಒಮ್ಮೆ ನೋಡಿಕೊಳ್ಳಿ. ಇಳಿಯುವುದು ಮದ್ಯನಿಷೇಧವಿರುವ ಗುಜರಾತಿನಂಥ ರಾಜ್ಯದಲ್ಲಾದರೆ ಲೆಕ್ಕ ಬೇರೆ. ನಡುವೆ ವಿಮಾನ ಬದಲಿಸುವವರು ಬಾಟಲಿಯನ್ನು ಕೈಚೀಲದಲ್ಲಿಡದೆ, ಬಟ್ಟೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಗೆ ಹಾಕುವುದು ಕ್ಷೇಮ. ಜೀನ್ಸ್ ಕಾಲಿನೊಳಗೆ ಒಂದು ಬಾಟಲಿ ಸರಿಯಾಗಿ ಕೂರುತ್ತದೆ.

ಮನೆಗೆ ಬಂದ ಮೇಲೆ ಫ್ರಿಜ್ಜಿನ ಮೇಲ್ಭಾಗ, ಒಲೆಯ ಪಕ್ಕದ ಕಪಾಟು ಎರಡೂ ಬೇಡ. ಮಂಗಳೂರು, ಕಲಬುರಗಿಯ ಬೇಸಿಗೆಯಲ್ಲಿ ಕೋಣೆಯಲ್ಲಿಟ್ಟ ಕೆಂಪು ವೈನ್ ಆರು ತಿಂಗಳೂ ಬಾಳುವುದಿಲ್ಲ. ಫ್ರಿಜ್ಜಿನ ಕೆಳಗಿನ ತರಕಾರಿ ಡಬ್ಬಿಯೇ ಇದ್ದುದರಲ್ಲಿ ವಾಸಿ. ವಿಂಟೇಜ್ ಪೋರ್ಟ್ ದಶಕಗಟ್ಟಲೆ ಇಡುವ ಆಸೆಯಿದ್ದರೆ, ತಂಪು ನೆಲಮನೆಯಿರುವ ಸಂಬಂಧಿಕರನ್ನು ಹುಡುಕಿಕೊಳ್ಳಿ.

ಕೆಂಪನ್ನು ‘ಕೋಣೆಯ ಉಷ್ಣಾಂಶದಲ್ಲಿ’ ಕುಡಿಯಬೇಕೆಂಬುದು ಯುರೋಪಿನ ಕೋಣೆಗೆ ಹೇಳಿದ ಮಾತು. ನಮ್ಮಲ್ಲಿ ಕುಡಿಯುವ ಅರ್ಧ ಗಂಟೆ ಮೊದಲು ಫ್ರಿಜ್ಜಿನಲ್ಲಿಡಿ. ಟಾನಿಯೂ ತುಸು ತಂಪಾಗಿಯೇ ಚೆನ್ನ.

ವಿಂಟೇಜ್ ಪೋರ್ಟ್‌ನಲ್ಲಿ ಗಸಿ ಕೂತಿರುತ್ತದೆ. ಹಿಂದಿನ ದಿನವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಅಲುಗಾಡಿಸದೆ ಬೇರೆ ಪಾತ್ರೆಗೆ ಬಗ್ಗಿಸಿ, ಗಸಿ ಕುತ್ತಿಗೆಗೆ ಬಂದ ತಕ್ಷಣ ನಿಲ್ಲಿಸಿ. ಹಳೆಯ ಬಿರಡೆ ಪುಡಿಯಾದರೆ ಗಾಬರಿ ಬೇಡ, ತೆಳು ಬಟ್ಟೆಯಲ್ಲಿ ಸೋಸಿದರಾಯಿತು.

ತೆರೆದ ಮೇಲೆ ಎಷ್ಟು ದಿನ? ವಿನ್ಯು ವೆರ್ದ್ ಮರುದಿನಕ್ಕೆ ಸಪ್ಪೆ. ದೋರು, ಡಾಂವ್, ಬೈರ್ರಾದ ಕೆಂಪು ಫ್ರಿಜ್ಜಿನಲ್ಲಿ ಎರಡು ಮೂರು ದಿನ. ವಿಂಟೇಜ್ ಪೋರ್ಟ್ ಕೂಡ ಅಷ್ಟೇ, ಆದ್ದರಿಂದ ನಾಲ್ಕು ಜನ ಸೇರಿದಾಗ ಮಾತ್ರ ತೆರೆಯಿರಿ. ಎಲ್.ಬಿ.ವಿ. ಒಂದು ವಾರ, ಟಾನಿ ಒಂದು ತಿಂಗಳಿಗೂ ಮೀರಿ. ಮದೈರವನ್ನು ಬಿರಡೆ ಹಾಕಿ ಹೊರಗೇ ತಿಂಗಳುಗಟ್ಟಲೆ ಇಡಿ. ಕಾಯಿಸಿ, ಗಾಳಿಗೆ ಒಡ್ಡಿ, ಮಾಡಬೇಕಾದದ್ದನ್ನೆಲ್ಲ ದ್ವೀಪದವರೇ ಮಾಡಿ ಕಳಿಸಿದ್ದಾರೆ. ನಿಮ್ಮ ಅಡುಗೆಮನೆ ಅದಕ್ಕೆ ಹೊಸದೇನನ್ನೂ ಮಾಡಲಾರದು.